ಗೂಗಲ್ ಸರ್ಚ್ ಕನ್ಸೋಲ್: ನಕಲು ಪುಟಗಳಲ್ಲಿ ಸಿಲುಕಿದ ಜಾಹೀರಾತು ತಾಣಕ್ಕೆ ಎಷ್ಟರ ಮಟ್ಟಿಗೆ ಆಧಾರ?

ಬಾಡಿಗೆ ಮನೆ, ಹಳೆಯ ವಾಹನ, ಸೈಟು, ಕೆಲಸ ಇಂಥ ವರ್ಗೀಕೃತ ಜಾಹೀರಾತುಗಳ ಜಾಲತಾಣ ನಡೆಸುವವರೆಲ್ಲರ ಅಳಲು ಒಂದೇ: ತಾಣದಲ್ಲಿ ಸಾವಿರಾರು ಜಾಹೀರಾತುಗಳಿದ್ದರೂ ಗೂಗಲ್‌ನಲ್ಲಿ ಹುಡುಕಿದವರಿಗೆ ಅವು ಸಿಗುವುದಿಲ್ಲ. ಇದಕ್ಕೆ ಕಾರಣಗಳು ಹಲವಿರಬಹುದು. ಆದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಭಾಗದ ಜಾಹೀರಾತುಗಳ ಒಂದು ಸಣ್ಣ ತಾಣದ ತಾಂತ್ರಿಕ ಕೆಲಸ ನೋಡಿಕೊಳ್ಳುವ ನನ್ನ ಅನುಭವದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ನಕಲು ಪುಟಗಳನ್ನು. ಅವುಗಳನ್ನು ಗುರುತಿಸಲು ನಾವು ಆಶ್ರಯಿಸಿರುವುದು, ತಾಣದ ಯಾವ ಪುಟಗಳು ಗೂಗಲ್ ಹುಡುಕಾಟದಲ್ಲಿ ಬರುತ್ತಿವೆ ಎಂಬುದನ್ನು ತಾಣದವರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಸೇವೆಯನ್ನು. 2015ರವರೆಗೆ ವೆಬ್‌ಮಾಸ್ಟರ್ ಟೂಲ್ಸ್ ಎನಿಸಿಕೊಂಡಿದ್ದ ಈ ಸೇವೆ 2018ರಲ್ಲಿ ಈಗಿನ ರೂಪ ಪಡೆಯಿತು. ಇದಕ್ಕೆ ಹಣ ಕೊಡಬೇಕಿಲ್ಲ. ತಾಣ ತಮ್ಮದೇ ಎಂದು ದೃಢಪಡಿಸಿದರೆ ಸಾಕು. ಇದರ ಎಲ್ಲ ಸೌಲಭ್ಯಗಳನ್ನೂ ಇಲ್ಲಿ ವಿಮರ್ಶಿಸುವುದಿಲ್ಲ. ನಕಲಿನ ವಿಷಯದಲ್ಲಿ ಜಾಹೀರಾತು ತಾಣದವರಿಗೆ ಇದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬಷ್ಟನ್ನೇ ನೋಡುತ್ತೇನೆ.

ಸುದ್ದಿ ತಾಣಕ್ಕೋ ಅಡುಗೆಯ ಬ್ಲಾಗಿಗೋ ಇಲ್ಲದ ತೊಡಕು ಜಾಹೀರಾತು ತಾಣಕ್ಕೆ ಹುಟ್ಟಿನಿಂದಲೇ ಇದೆ, ಏಕೆಂದರೆ ಇಲ್ಲಿನ ಬರಹವನ್ನು ನಾವು ಬರೆಯುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಕೋಣೆಯ ಮನೆಯೊಂದು ಬಾಡಿಗೆಗಿದೆ ಎಂದುಕೊಳ್ಳೋಣ. ಮಾಲೀಕರು ಒಂದು ಜಾಹೀರಾತು ಹಾಕುತ್ತಾರೆ. ಅದೇ ಮನೆಯನ್ನು ಇಬ್ಬರು ಮೂವರು ದಲ್ಲಾಳಿಗಳು ಅದೇ ಫೋಟೊ, ಹೆಚ್ಚುಕಡಿಮೆ ಅದೇ ಸಾಲುಗಳೊಂದಿಗೆ ಮತ್ತೆ ಹಾಕುತ್ತಾರೆ. ಪಟ್ಟಿಯಲ್ಲಿ ಕೆಳಗೆ ಸರಿದ ಜಾಹೀರಾತನ್ನು ಮೇಲೆ ತರಲು ವಾರ ಕಳೆಯುವುದರೊಳಗೆ ಹಳೆಯದನ್ನು ಬಿಟ್ಟು ಹೊಸದನ್ನು ಸೇರಿಸುತ್ತಾರೆ. ಅದೇ ಬರಹ ಓಎಲ್‌ಎಕ್ಸ್, ಕ್ವಿಕರ್, ಸುಲೇಖಾ ಮುಂತಾದ ದೊಡ್ಡ ತಾಣಗಳಿಗೂ ಹೋಗಿರುತ್ತದೆ. ಹೀಗೆ ಒಂದು ಮನೆಗೆ ಹತ್ತಾರು ಪುಟಗಳು. ಮದುವೆಯ ಕರೆಯೋಲೆಯನ್ನು ಒಂದೇ ಮನೆಗೆ ಹತ್ತು ಸಲ ಕೊಟ್ಟರೆ ಊಟಕ್ಕೆ ಬರುವವರು ಹತ್ತು ಪಟ್ಟಾಗುವುದಿಲ್ಲ, ಹುಡುಕಾಟದಲ್ಲಿಯೂ ಹಾಗೆಯೇ.

ಜನ ಮಾಡುವ ನಕಲು ಇದಾದರೆ, ತಾಣವೇ ಮಾಡುವ ನಕಲು ಇನ್ನೂ ದೊಡ್ಡದು. ಬಾಡಿಗೆ ಮನೆಗಳ ವಿಭಾಗದಲ್ಲಿ 12 ಬಡಾವಣೆ, 4 ಬಗೆಯ ಮನೆ, 5 ಬಾಡಿಗೆ ಶ್ರೇಣಿ, 3 ರೀತಿಯ ಜೋಡಣೆ ಎಂದು ಫಿಲ್ಟರುಗಳಿಟ್ಟು, ಪ್ರತಿ ಆಯ್ಕೆಗೂ ಬೇರೆ ಯುಆರ್‌ಎಲ್ (ಪುಟದ ವಿಳಾಸ) ಹುಟ್ಟುವಂತೆ ಮಾಡಿದರೆ 720 ವಿಳಾಸಗಳಾಗುತ್ತವೆ. ಆ ವಿಭಾಗದಲ್ಲಿ ನಿಜವಾಗಿ ಇರುವುದು ನಲವತ್ತು ಮನೆಗಳಾದರೆ, ಬಹುಪಾಲು ವಿಳಾಸಗಳಲ್ಲಿ ಕಾಣುವುದು ಅವೇ ಮನೆಗಳ ಬೇರೆ ಬೇರೆ ಸಾಲು, ಇಲ್ಲವೇ ಖಾಲಿ ಪುಟ. ಕಡಿಮೆ ಬಾಡಿಗೆಯಿಂದ ಹೆಚ್ಚಿನದಕ್ಕೆ ಜೋಡಿಸಿದ ಪುಟವೂ ಅದನ್ನು ತಿರುಗಿಸಿ ಜೋಡಿಸಿದ ಪುಟವೂ ಓದುಗನಿಗೆ ಎರಡು ಅನುಕೂಲಗಳು, ಸರ್ಚ್ ಇಂಜಿನ್ನಿಗೆ ಒಂದೇ ಸರಕು.

ಸರ್ಚ್ ಕನ್ಸೋಲ್ ಬಳಸುವ ಮುನ್ನ ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ನಕಲು ಪುಟಗಳಿದ್ದರೆ ಗೂಗಲ್ ದಂಡ ವಿಧಿಸುತ್ತದೆ ಎಂಬ ಮಾತು ಈ ವ್ಯವಹಾರದಲ್ಲಿ ಎಲ್ಲೆಡೆ ಕೇಳಿಬರುತ್ತದೆ. ವಂಚನೆಯ ಉದ್ದೇಶವಿಲ್ಲದ ಸಾಮಾನ್ಯ ನಕಲಿಗೆ ಅಂಥ ದಂಡವಿಲ್ಲ ಎಂದು ಗೂಗಲ್ 2008ರಲ್ಲೇ ವಿವರಿಸಿದೆ. ಅಂತರ್ಜಾಲದ ಶೇ 25ರಿಂದ 30ರಷ್ಟು ಭಾಗ ನಕಲೇ ಎಂದು ಆಗ ಅದರ ವೆಬ್‌ಸ್ಪ್ಯಾಮ್ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ 2013ರಲ್ಲಿ ಹೇಳಿದ್ದರು. ಅಷ್ಟಕ್ಕೆಲ್ಲ ದಂಡ ಹಾಕಿದರೆ ಹುಡುಕಾಟವೇ ನಡೆಯದು. ಗೂಗಲ್ ಮಾಡುವುದು ಬೇರೆ. ಒಂದೇ ಬಗೆಯ ಪುಟಗಳನ್ನು ಒಂದು ಗುಂಪಾಗಿಸಿ, ಆ ಗುಂಪಿನಿಂದ ಒಂದನ್ನು ಪ್ರತಿನಿಧಿಯಾಗಿ ಆರಿಸಿಕೊಂಡು, ಅದನ್ನೇ ಫಲಿತಾಂಶದಲ್ಲಿ ತೋರಿಸುತ್ತದೆ. ಆ ಪ್ರತಿನಿಧಿಗೆ ಕ್ಯಾನೊನಿಕಲ್ ಎಂದು ಹೆಸರು. ಪುಟಗಳು ಅಕ್ಷರಶಃ ಒಂದೇ ಆಗಿರಬೇಕೆಂದೂ ಇಲ್ಲ. ಪುಟದ ಬರಹವನ್ನು 64 ಬಿಟ್‌ಗಳ ಗುರುತಾಗಿ ಅಡಕಗೊಳಿಸಿ, ಎರಡು ಗುರುತುಗಳ ನಡುವೆ ಮೂರು ಬಿಟ್‌ಗಳವರೆಗಿನ ವ್ಯತ್ಯಾಸವಿದ್ದರೆ ಅವನ್ನು ಹತ್ತಿರದ ನಕಲೆಂದು ಹಿಡಿಯುವ ವಿಧಾನವನ್ನು ಗೂಗಲ್‌ನ ಸಂಶೋಧಕರು 2007ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ದಲ್ಲಾಳಿಯೊಬ್ಬರು ‘ಬಾಡಿಗೆಗೆ ಇದೆ’ ಎಂಬುದನ್ನು ‘ಬಾಡಿಗೆಗೆ ಕೊಡಲಾಗುವುದು’ ಎಂದು ತಿದ್ದಿದ ಮಾತ್ರಕ್ಕೆ ಪುಟ ಹೊಸದಾಗದು ಎಂಬುದನ್ನು ಇದರಿಂದ ಊಹಿಸಬಹುದು.

ದಂಡವಿಲ್ಲವೆಂದ ಮೇಲೆ ನಷ್ಟವೆಲ್ಲಿ? ನಾವು ಮುಂದೆ ತರಬೇಕೆಂದುಕೊಂಡ ಪುಟವನ್ನು ಬಿಟ್ಟು ಗೂಗಲ್ ಬೇರೊಂದನ್ನು ಆರಿಸಿಕೊಳ್ಳುತ್ತದೆ. ಕೆಲವೊಮ್ಮೆ ಆ ಬೇರೊಂದು ನಮ್ಮ ತಾಣದಲ್ಲೇ ಇರುವುದಿಲ್ಲ. ಪುಟಗಳನ್ನು ತೆರೆದು ಓದುವ ಗೂಗಲ್‌ನ ತಂತ್ರಾಂಶ, ಅಂದರೆ ಕ್ರಾಲರ್, ಫಿಲ್ಟರ್ ಪುಟಗಳಲ್ಲಿ ಅಲೆಯುತ್ತಿರುವಾಗ ಇಂದು ಬೆಳಿಗ್ಗೆ ಬಂದ ಜಾಹೀರಾತು ಸರದಿಯಲ್ಲಿ ಕಾಯುತ್ತದೆ, ಮತ್ತು ಹತ್ತು ದಿನದಲ್ಲಿ ಬಾಡಿಗೆಗೆ ಹೋಗುವ ಮನೆಗೆ ಆ ಕಾಯುವಿಕೆಯೇ ದೊಡ್ಡ ನಷ್ಟ. ಹತ್ತು ಸಾವಿರಕ್ಕೂ ಹೆಚ್ಚು ಪುಟಗಳಿದ್ದು ಅವು ದಿನದಿನವೂ ಬದಲಾಗುವ ತಾಣಗಳು ಕ್ರಾಲ್‌ನ ಮಿತಿಯ ಬಗ್ಗೆ ಗಮನ ಕೊಡಬೇಕೆಂದು ಗೂಗಲ್‌ನ ಮಾರ್ಗದರ್ಶಿಯೇ ಹೇಳುತ್ತದೆ. ಜಾಹೀರಾತು ತಾಣಕ್ಕೆ ಹತ್ತು ಸಾವಿರ ವಿಳಾಸ ದೊಡ್ಡ ಸಂಖ್ಯೆಯೇ ಅಲ್ಲ. ಇದಕ್ಕಿಂತ ಗಂಭೀರವಾದದ್ದು ಒಟ್ಟು ಗುಣಮಟ್ಟದ ಪ್ರಶ್ನೆ. 2011ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಮೊದಲು ಜಾರಿಗೆ ಬಂದ ಪಾಂಡಾ ಎಂಬ ಶ್ರೇಯಾಂಕ ವಿಧಾನದ ಬದಲಾವಣೆ ಅಲ್ಲಿನ ಶೇ 11.8ರಷ್ಟು ಹುಡುಕಾಟಗಳ ಮೇಲೆ ಪರಿಣಾಮ ಬೀರಿತೆಂದು ಗೂಗಲ್ ತಿಳಿಸಿತ್ತು. ಬೇರೆಡೆಯಿಂದ ಎತ್ತಿ ತಂದ, ಹುರುಳಿಲ್ಲದ ಪುಟಗಳೇ ತುಂಬಿದ ತಾಣಗಳು ಆಗ ಕುಸಿದವು. 2024ರ ಮಾರ್ಚ್‌ನಲ್ಲಿ ಬಂದ ಸ್ಪ್ಯಾಮ್ ನೀತಿಯು ಶ್ರೇಯಾಂಕಕ್ಕಾಗಿಯೇ ರಾಶಿ ರಾಶಿಯಾಗಿ ಪುಟ ಹುಟ್ಟಿಸುವುದನ್ನು ಸ್ಪಷ್ಟವಾಗಿ ಉಲ್ಲಂಘನೆಯೆಂದು ಪರಿಗಣಿಸಿತು. ಜಾಹೀರಾತೇ ಇಲ್ಲದ ಊರುಗಳ ಹೆಸರಿನಲ್ಲೆಲ್ಲ ಪುಟ ತೆರೆದಿಡುವ ತಾಣಗಳು ಈ ಗೆರೆಗೆ ಬಹಳ ಹತ್ತಿರದಲ್ಲಿವೆ.

ಇನ್ನು ಸಾಧನಕ್ಕೆ ಬರೋಣ. ಸರ್ಚ್ ಕನ್ಸೋಲ್‌ನ ಪೇಜ್ ಇಂಡೆಕ್ಸಿಂಗ್ ವರದಿ ಇಂಡೆಕ್ಸ್ ಆದ (ಗೂಗಲ್‌ನ ಹುಡುಕಾಟದ ಸಂಗ್ರಹಕ್ಕೆ ಸೇರಿದ) ಪುಟಗಳೆಷ್ಟು, ಆಗದವೆಷ್ಟು, ಆಗದಿರಲು ಕಾರಣವೇನು ಎಂಬುದನ್ನು ಪಟ್ಟಿ ಮಾಡುತ್ತದೆ. ನಕಲಿಗೆ ಸಂಬಂಧಿಸಿದ ಕಾರಣಗಳು ಮುಖ್ಯವಾಗಿ ಮೂರು. ‘ಆಲ್ಟರ್ನೇಟ್ ಪೇಜ್ ವಿತ್ ಪ್ರಾಪರ್ ಕ್ಯಾನೊನಿಕಲ್ ಟ್ಯಾಗ್’ ಎಂದಿದ್ದರೆ ಗಾಬರಿ ಬೇಡ; ನಾವು ಸೂಚಿಸಿದ ಮೂಲ ಪುಟವನ್ನು ಗೂಗಲ್ ಒಪ್ಪಿಕೊಂಡಿದೆ ಎಂದರ್ಥ. ‘ಡೂಪ್ಲಿಕೇಟ್ ವಿದೌಟ್ ಯೂಸರ್-ಸೆಲೆಕ್ಟೆಡ್ ಕ್ಯಾನೊನಿಕಲ್’ ಎಂದರೆ ಮೂಲ ಯಾವುದೆಂದು ನಾವು ಹೇಳಿಲ್ಲ, ಗೂಗಲ್ ತಾನೇ ತೀರ್ಮಾನಿಸಿದೆ. ಮೂರನೆಯದಾದ ‘ಡೂಪ್ಲಿಕೇಟ್, ಗೂಗಲ್ ಚೋಸ್ ಡಿಫರೆಂಟ್ ಕ್ಯಾನೊನಿಕಲ್ ದ್ಯಾನ್ ಯೂಸರ್’ ಎಂಬುದನ್ನು ಜಾಹೀರಾತು ತಾಣದವರು ವಾರಕ್ಕೊಮ್ಮೆಯಾದರೂ ತೆರೆದು ನೋಡಬೇಕು. ನಾವು ಒಂದನ್ನು ಮೂಲವೆಂದು ಹೇಳಿದರೂ ಗೂಗಲ್ ಒಪ್ಪದೆ ಇನ್ನೊಂದನ್ನು ಆರಿಸಿಕೊಂಡ ಪುಟಗಳು ಇಲ್ಲಿರುತ್ತವೆ. 2009ರ ಫೆಬ್ರುವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ಪ್ರಕಟಿಸಿದ, ಮೂಲ ಪುಟ ಯಾವುದೆಂದು ತಾಣದವರು ತಿಳಿಸುವ ಕ್ಯಾನೊನಿಕಲ್ ಟ್ಯಾಗ್ ಆಜ್ಞೆಯಲ್ಲ, ಸೂಚನೆ ಮಾತ್ರ ಎಂಬುದು ಈ ವರದಿಯನ್ನು ನೋಡಿದವರಿಗೆ ಚೆನ್ನಾಗಿ ಮನವರಿಕೆಯಾಗುತ್ತದೆ.

ವರದಿಯಲ್ಲಿನ ಯಾವುದೇ ವಿಳಾಸದ ಪಕ್ಕದ ಭೂತಗನ್ನಡಿಯ ಗುರುತು ಒತ್ತಿದರೆ ಯುಆರ್‌ಎಲ್ ಇನ್‌ಸ್ಪೆಕ್ಷನ್ ತೆರೆದುಕೊಳ್ಳುತ್ತದೆ. ಅಲ್ಲಿ ನಾವು ಘೋಷಿಸಿದ ಕ್ಯಾನೊನಿಕಲ್, ಗೂಗಲ್ ಆರಿಸಿದ ಕ್ಯಾನೊನಿಕಲ್ ಎರಡೂ ಒಂದರ ಕೆಳಗೊಂದು ಕಾಣುತ್ತವೆ. ಧಾರವಾಡದ ಬಳಿಯ ರೈತರೊಬ್ಬರ ಹಳೆಯ ಟ್ರ್ಯಾಕ್ಟರಿನ ಜಾಹೀರಾತನ್ನು ಹೀಗೆ ಪರೀಕ್ಷಿಸಿದಾಗ, ಗೂಗಲ್ ಆರಿಸಿದ ವಿಳಾಸ ಇನ್ನೊಂದು ತಾಣದ್ದಾಗಿತ್ತು. ಅವರು ಅದೇ ನಾಲ್ಕು ಸಾಲುಗಳನ್ನು ಅಲ್ಲಿಯೂ ಹಾಕಿದ್ದರು. ನಮ್ಮ ಪುಟದಲ್ಲಿ ಅವರ ಸಾಲುಗಳಿಗಿಂತ ನಮ್ಮ ಮೆನು, ಅಡಿಬರಹ, ‘ಇದೇ ಬಗೆಯ ಜಾಹೀರಾತುಗಳು’ ಎಂಬ ಪಟ್ಟಿಯೇ ಹೆಚ್ಚಿತ್ತು. ಮಾದರಿ ವರ್ಷ, ಎಷ್ಟು ಗಂಟೆ ಓಡಿದೆ, ಟೈರಿನ ಸ್ಥಿತಿ, ಜೊತೆಗೆ ಕೊಡುವ ನೇಗಿಲು ಅಥವಾ ಟ್ರೇಲರ್ ಇವನ್ನೆಲ್ಲ ಅವರಿಗೆ ಫೋನ್ ಮಾಡಿ ಕೇಳಿ ಸೇರಿಸಿದ ಬಳಿಕ ಪುಟ ತನ್ನದೇ ಹೆಸರಿನಲ್ಲಿ ಇಂಡೆಕ್ಸ್ ಆಯಿತು. ಟ್ಯಾಗು ತಿದ್ದುವುದರಿಂದ ಈ ಕೆಲಸ ಆಗುತ್ತಿರಲಿಲ್ಲ. ಸಾಧನ ತೋರಿಸಿದ್ದು ಎರಡು ಸಾಲುಗಳ ವ್ಯತ್ಯಾಸವನ್ನಷ್ಟೇ; ಆದರೆ ಆ ಎರಡು ಸಾಲು ಇಲ್ಲದಿದ್ದರೆ ನಾವು ಸರ್ವರಿನ ವೇಗವನ್ನೋ ಶೀರ್ಷಿಕೆಯ ಉದ್ದವನ್ನೋ ದೂರುತ್ತ ಕುಳಿತಿರುತ್ತಿದ್ದೆವು.

ಕರ್ನಾಟಕದ ತಾಣಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ನಕಲು ಇದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. ಹುಬ್ಳಿ ಹುಬ್ಬಳ್ಳಿಯಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಜಾಹೀರಾತು ತಾಣಗಳ ದತ್ತಾಂಶದಲ್ಲಿ ಹಳೆಯ ಹೆಸರು ಅಳಿಯದೆ ಹೊಸ ಹೆಸರೂ ಬಂದು ಸೇರಿತು. ಪರಿಣಾಮವಾಗಿ ಒಂದೇ ನಗರಕ್ಕೆ ಎರಡು ಪುಟ, ಪ್ರತಿ ವಿಭಾಗಕ್ಕೂ ಎರಡು ಪುಟ, ಎರಡರಲ್ಲೂ ಅವೇ ಜಾಹೀರಾತುಗಳು. ಎರಡು ಹೆಸರಿನಲ್ಲೂ ಜನ ಹುಡುಕುತ್ತಾರೆ, ಆದ್ದರಿಂದ ಎರಡೂ ಪುಟ ಇರಲಿ ಎಂಬ ವಾದ ಸಾಮಾನ್ಯ. ಜನ ಎರಡು ಹೆಸರಿನಲ್ಲೂ ಹುಡುಕುವುದು ನಿಜ, ಅದರಿಂದ ತೆಗೆಯುವ ತೀರ್ಮಾನ ಸರಿಯಲ್ಲ. ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ 2021ರಿಂದ ರೆಜೆಕ್ಸ್ ಫಿಲ್ಟರ್ (ಒಂದು ಪದದ ಹಲವು ರೂಪಗಳನ್ನು ಒಟ್ಟಿಗೆ ಹುಡುಕುವ ಸೌಲಭ್ಯ) ಇದೆ. ಇಂಗ್ಲಿಷ್ ಲಿಪಿಯ ಹುಬ್ಳಿ, ಇಂಗ್ಲಿಷ್ ಲಿಪಿಯ ಹುಬ್ಬಳ್ಳಿ, ಕನ್ನಡ ಲಿಪಿಯ ಹುಬ್ಬಳ್ಳಿ ಮೂರನ್ನೂ ಒಂದೇ ಫಿಲ್ಟರಿನಲ್ಲಿ ಕೊಟ್ಟು ಪುಟಗಳ ಪಟ್ಟಿಯನ್ನು ತೆರೆದರೆ, ಈ ಹೆಸರುಗಳ ಹುಡುಕಾಟಕ್ಕೆ ಯಾವ ಯಾವ ಪುಟ ಬರುತ್ತಿದೆ ಎಂಬುದು ಕಾಣುತ್ತದೆ. ನಮ್ಮ ತಾಣದಲ್ಲಿ ಮೂರೂ ಹೆಸರಿನ ಹುಡುಕಾಟಗಳಿಗೆ ಒಂದೇ ಪುಟ ಬರುತ್ತಿತ್ತು, ಇನ್ನೊಂದು ನಕಲೆಂದು ಬದಿಗೆ ಸರಿದಿತ್ತು. ಹಳೆಯ ಹೆಸರಿನ ಎಲ್ಲ ವಿಳಾಸಗಳನ್ನೂ ಹೊಸದಕ್ಕೆ ಶಾಶ್ವತವಾಗಿ, ಅಂದರೆ 301 ಕ್ರಮದಲ್ಲಿ, ಮರುನಿರ್ದೇಶಿಸಿ, ಉಳಿದ ಪುಟದ ಪರಿಚಯದ ಸಾಲಿನಲ್ಲಿ ಎರಡೂ ಹೆಸರು ಬರುವಂತೆ ಬರೆದೆವು. ಬಿಜಾಪುರದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಛತ್ತೀಸಗಢದಲ್ಲಿಯೂ ಬಿಜಾಪುರ ಎಂಬ ಜಿಲ್ಲೆಯಿದೆ. ಹಳೆಯ ಹೆಸರಿನ ಪುಟವನ್ನು ಹಾಗೇ ಉಳಿಸಿಕೊಂಡವರು ವಿಜಯಪುರದ ಸೈಟು ಹುಡುಕುವವರನ್ನೂ ಅಲ್ಲಿನವರನ್ನೂ ಒಟ್ಟಿಗೆ ಗೊಂದಲಕ್ಕೆ ದೂಡುತ್ತಾರೆ.

ಭಾಷೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಅನುವಾದಿತ ಪುಟ ನಕಲಲ್ಲ. ಕನ್ನಡದ ಪುಟವೂ ಇಂಗ್ಲಿಷಿನ ಪುಟವೂ ಅಕ್ಕಪಕ್ಕದಲ್ಲಿ ಇರಬಹುದು. ಆದರೆ ಮೆನು, ಅಡಿಬರಹ, ಗುಂಡಿಗಳನ್ನಷ್ಟೇ ಕನ್ನಡಕ್ಕೆ ತಂದು ಮುಖ್ಯ ಬರಹವನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಅವೆರಡನ್ನೂ ನಕಲೆಂದೇ ಪರಿಗಣಿಸುವುದಾಗಿ ಗೂಗಲ್‌ನ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಹಲವು ಜಾಹೀರಾತು ತಾಣಗಳ ‘ಕನ್ನಡ ಆವೃತ್ತಿ’ ಇಂಥದ್ದೇ. ಕನ್ನಡದಲ್ಲಿ ಹುಡುಕುವವರಿಗೆ ನಿಜವಾದ ಕನ್ನಡ ಪುಟ ಸಿಗಬೇಕೆಂಬುದು ನನ್ನ ಬಲವಾದ ಆಸೆ. ಅದಕ್ಕೆ ಜಾಹೀರಾತುದಾರರು ಕನ್ನಡದಲ್ಲೇ ಬರೆಯಲು ಅನುಕೂಲವಾಗುವ ಫಾರಂ ಬೇಕು. ಫೋನಿನಲ್ಲಿ ಕನ್ನಡ ಟೈಪಿಸಲು ತೊಡಕಿರುವವರಿಗೆ ಪ್ರಶ್ನೆಗಳನ್ನು ಕೇಳಿ ಉತ್ತರಗಳಿಂದ ವಾಕ್ಯ ಕಟ್ಟಿಕೊಡಬೇಕು. ಬರಿಯ ಮೆನು ಬದಲಿಸಿ ಕನ್ನಡ ತಾಣವೆಂದು ಕರೆದುಕೊಂಡರೆ ಕನ್ನಡಿಗರಿಗೂ ಉಪಯೋಗವಿಲ್ಲ, ಇಂಡೆಕ್ಸ್‌ನಲ್ಲೂ ಸ್ಥಾನ ಸಿಗುವುದಿಲ್ಲ.

ಸರ್ಚ್ ಕನ್ಸೋಲ್‌ನ ಕೊರತೆಗಳು ಕಡಿಮೆಯೇನಲ್ಲ. ವರದಿಯ ಪ್ರತಿ ಕಾರಣದ ಕೆಳಗೆ ಅದು ಕೊಡುವುದು ಹೆಚ್ಚೆಂದರೆ 1000 ಉದಾಹರಣೆಗಳು. ನಲವತ್ತು ಸಾವಿರ ನಕಲುಗಳಿವೆ ಎಂದು ಮೇಲೆ ಸಂಖ್ಯೆ ತೋರಿಸಿ ಕೆಳಗೆ ಸಾವಿರವನ್ನಷ್ಟೇ ಕೊಟ್ಟರೆ ಉಳಿದವನ್ನು ವಿಳಾಸದ ಮಾದರಿಗಳಿಂದ ಊಹಿಸಬೇಕಾಗುತ್ತದೆ. ತಾಣದ ಭಾಗಗಳನ್ನು ಬೇರೆ ಬೇರೆ ಪ್ರಾಪರ್ಟಿಗಳಾಗಿ, ಅಂದರೆ ಬಾಡಿಗೆ ವಿಭಾಗಕ್ಕೊಂದು, ವಾಹನ ವಿಭಾಗಕ್ಕೊಂದು ಎಂದು ಸೇರಿಸಿಕೊಂಡರೆ ಪ್ರತಿಯೊಂದಕ್ಕೂ ಸಾವಿರ ಸಿಗುತ್ತದೆ. ದೊಡ್ಡ ತಾಣದವರು ಇದನ್ನು ಮಾಡಲೇಬೇಕು. ಗೂಗಲ್ ಆರಿಸಿದ ಕ್ಯಾನೊನಿಕಲ್ ಯಾವುದೆಂದು ಒಂದೊಂದೇ ವಿಳಾಸ ಕೊಟ್ಟು ಕೇಳಬೇಕು. 2022ರ ಜನವರಿಯಲ್ಲಿ ಬಂದ ಎಪಿಐ (ಪ್ರೋಗ್ರಾಮುಗಳು ನೇರವಾಗಿ ಮಾಹಿತಿ ಕೇಳುವ ವ್ಯವಸ್ಥೆ) ಮೂಲಕ ಪ್ರತಿ ಪ್ರಾಪರ್ಟಿಗೆ ದಿನಕ್ಕೆ 2000 ವಿಳಾಸಗಳವರೆಗೆ ಕೇಳಬಹುದಾದರೂ ಅದಕ್ಕೆ ಪ್ರೋಗ್ರಾಮಿಂಗ್ ಬಲ್ಲವರು ಬೇಕು. ತಿದ್ದಿದ ಪುಟವನ್ನು ಲೈವ್ ಟೆಸ್ಟ್‌ನಲ್ಲಿ ಪರೀಕ್ಷಿಸಿದರೆ ಗೂಗಲ್‌ನ ಆಯ್ಕೆ ತೋರುವುದೇ ಇಲ್ಲ. ಪುಟ ಮತ್ತೆ ಇಂಡೆಕ್ಸ್ ಆಗುವವರೆಗೆ ಕಾಯಬೇಕು. ಸರಿಪಡಿಸಿದ್ದೇವೆಂದು ವ್ಯಾಲಿಡೇಷನ್‌ಗೆ ಕೊಟ್ಟರೆ ಸಾಮಾನ್ಯವಾಗಿ ಎರಡು ವಾರದವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಜಾಹೀರಾತಿನ ಆಯುಷ್ಯವೇ ಮುಗಿದಿರುತ್ತದೆ.

ನನಗೆ ಹೆಚ್ಚು ಬೇಸರ ತಂದದ್ದು ಯುಆರ್‌ಎಲ್ ಪ್ಯಾರಾಮೀಟರ್ಸ್ ಸಾಧನವನ್ನು 2022ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ್ದು. ಜೋಡಣೆಯ ಕ್ರಮ, ಬೆಲೆಯ ಶ್ರೇಣಿ ಇಂಥ, ವಿಳಾಸದ ಕೊನೆಗೆ ಸೇರುವ ಪ್ಯಾರಾಮೀಟರುಗಳನ್ನು ಕ್ರಾಲ್ ಮಾಡಬೇಡ ಎಂದು ಅಲ್ಲಿಯೇ ಹೇಳಬಹುದಿತ್ತು. ಈಗ ಆ ಕೆಲಸಕ್ಕೆ, ಯಾವ ಪುಟಗಳನ್ನು ತೆರೆಯಬಾರದೆಂದು ಕ್ರಾಲರಿಗೆ ಹೇಳುವ ರೋಬೋಟ್ಸ್ ಕಡತವನ್ನು ನೆಚ್ಚಿಕೊಳ್ಳಬೇಕು, ಮತ್ತು ಅಲ್ಲಿ ಒಂದು ತೊಡಕಿದೆ: ರೋಬೋಟ್ಸ್ ಕಡತದಲ್ಲಿ ತಡೆದ ಪುಟವನ್ನು ಗೂಗಲ್ ತೆರೆದು ನೋಡುವುದೇ ಇಲ್ಲವಾದ್ದರಿಂದ ಆ ಪುಟದೊಳಗಿನ ಕ್ಯಾನೊನಿಕಲ್ ಟ್ಯಾಗೂ ಇಂಡೆಕ್ಸ್ ಮಾಡಬೇಡ ಎನ್ನುವ ನೋಇಂಡೆಕ್ಸ್ ಟ್ಯಾಗೂ ಅದಕ್ಕೆ ಕಾಣುವುದಿಲ್ಲ. ಒಂದೇ ಪುಟಕ್ಕೆ ಎರಡನ್ನೂ ಹಾಕಿ ಭದ್ರಮಾಡಿದೆವೆಂದುಕೊಳ್ಳುವವರು ಬಹಳ. ಫಿಲ್ಟರ್ ವಿಳಾಸಗಳು ಲೆಕ್ಕವಿಲ್ಲದಷ್ಟಿದ್ದು ಕ್ರಾಲೇ ಬೇಡವೆಂದರೆ ರೋಬೋಟ್ಸ್, ಈಗಾಗಲೇ ಇಂಡೆಕ್ಸ್ ಆಗಿರುವುದನ್ನು ತೆಗೆಯಬೇಕೆಂದರೆ ನೋಇಂಡೆಕ್ಸ್, ಒಂದರ ಬಲವನ್ನು ಇನ್ನೊಂದಕ್ಕೆ ಸೇರಿಸಬೇಕೆಂದರೆ ಕ್ಯಾನೊನಿಕಲ್ ಅಥವಾ ಮರುನಿರ್ದೇಶನ: ಈ ಆಯ್ಕೆಯನ್ನು ತಾಣದವರೇ ಮಾಡಬೇಕು, ಸರ್ಚ್ ಕನ್ಸೋಲ್ ಹೇಳಿಕೊಡುವುದಿಲ್ಲ.

ಅವಧಿ ಮುಗಿದ ಜಾಹೀರಾತುಗಳ ವಿಷಯದಲ್ಲಿ ವರದಿ ಚೆನ್ನಾಗಿ ನೆರವಾಗುತ್ತದೆ. ಮಾರಾಟವಾದ ಸ್ಕೂಟರಿನ ಪುಟವನ್ನು ತಾಣದ ಮುಖಪುಟಕ್ಕೆ ಮರುನಿರ್ದೇಶಿಸುವ ಅಭ್ಯಾಸ ಹಲವರಿಗಿದೆ. ಗೂಗಲ್ ಅಂಥವನ್ನು ಸಾಫ್ಟ್ 404 (ಪುಟ ಇಲ್ಲದಿದ್ದರೂ ಇದೆಯೆಂಬಂತೆ ತೋರಿಸುವುದು) ಎಂದು ಎಣಿಸುತ್ತದೆ, ವರದಿಯಲ್ಲಿ ಅದು ಬೇರೆಯಾಗಿಯೇ ಕಾಣುತ್ತದೆ. ಹೋದದ್ದು ಹೋಯಿತೆಂದು 404 (ಪುಟ ಇಲ್ಲ) ಅಥವಾ 410 (ಪುಟ ತೆಗೆಯಲಾಗಿದೆ) ಸಂಕೇತ ಕೊಡುವುದೇ ಸರಿ. ಜಾಹೀರಾತಿನ ಕೊನೆಯ ದಿನ ಮೊದಲೇ ತಿಳಿದಿದ್ದರೆ, 2007ರಿಂದಲೂ ಇರುವ ‘ಅನವೈಲಬಲ್ ಆಫ್ಟರ್’ ಎಂಬ ಮೆಟಾ ಟ್ಯಾಗಿನಲ್ಲಿ ಆ ದಿನಾಂಕವನ್ನು ಕೊಡಬಹುದು. ಜಾಹೀರಾತು ತಾಣಗಳಿಗೆ ಹೇಳಿಮಾಡಿಸಿದಂತಿರುವ ಈ ಸೌಲಭ್ಯವನ್ನು ಬಳಸುವವರು ಕಡಿಮೆ. ಪುಟ 2, ಪುಟ 3 ಎಂದು ಸಾಗುವ ಪಟ್ಟಿಗಳನ್ನು ನಕಲೆಂದು ತಿಳಿದು ಎಲ್ಲದರ ಕ್ಯಾನೊನಿಕಲ್ಲನ್ನೂ ಮೊದಲ ಪುಟಕ್ಕೆ ಕೊಡಬಾರದು, ಹಾಗೆ ಮಾಡಿದರೆ ಮುಂದಿನ ಪುಟಗಳಲ್ಲಿರುವ ಜಾಹೀರಾತುಗಳಿಗೆ ದಾರಿಯೇ ಮುಚ್ಚೀತು.

ದಲ್ಲಾಳಿಗಳ ಪುನರಾವರ್ತನೆಯನ್ನು ಸರ್ಚ್ ಕನ್ಸೋಲ್ ತಡವಾಗಿ ತೋರಿಸುತ್ತದೆ, ಏಕೆಂದರೆ ಗೂಗಲ್ ಪುಟವನ್ನು ಕಂಡ ಮೇಲಷ್ಟೇ ಅದು ವರದಿಗೆ ಬರುತ್ತದೆ. ಅದಕ್ಕಿಂತ ಮೊದಲೇ ನಾವು ಹಿಡಿಯಬೇಕು. ಸ್ಕ್ರೀಮಿಂಗ್ ಫ್ರಾಗ್ ಎಂಬ ಕ್ರಾಲರ್ ತಂತ್ರಾಂಶ 500 ವಿಳಾಸಗಳವರೆಗೆ ಉಚಿತ. ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಮಾತ್ರ ಸಿಗುವ ಅದರ ಹತ್ತಿರದ ನಕಲಿನ ಪರೀಕ್ಷೆಯಲ್ಲಿ ಶೇ 90ರ ಹೋಲಿಕೆಯನ್ನು ಮೊದಲೇ ನಿಗದಿ ಮಾಡಿರುತ್ತಾರೆ. ಜಾಹೀರಾತುಗಳು ಚಿಕ್ಕವಾದ್ದರಿಂದ ಮೆನು ಮತ್ತು ಅಡಿಬರಹವನ್ನು ಆ ಪರೀಕ್ಷೆಯಿಂದ ಹೊರಗಿಡಬೇಕು, ಇಲ್ಲವಾದರೆ ಎಲ್ಲವೂ ಒಂದೇ ಎಂದು ತೋರೀತು. ಇದಕ್ಕಿಂತ ಫಲಕಾರಿಯಾದದ್ದು ಫಾರಂನಲ್ಲಿ ಮಾಡಿದ ಬದಲಾವಣೆ. ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರು ಬರುವ ವಾರ್ಡುಗಳೂ ಇವೆ, ದಿನಗಟ್ಟಲೆ ಕಾಯಬೇಕಾದ ವಾರ್ಡುಗಳೂ ಇವೆ. ಬಾಡಿಗೆಗೆ ಬರುವವರು ಮೊದಲು ಕೇಳುವುದೇ ಅದನ್ನು. ನಳದ ನೀರು ಎಷ್ಟು ದಿನಕ್ಕೊಮ್ಮೆ, ಬೋರ್‌ವೆಲ್ ಇದೆಯೇ, ಮೇಲಿನ ಟಾಕಿ ಎಷ್ಟು ಲೀಟರಿನದು, ಮನೆಯ ಮುಂದೆ ಬೈಕ್ ನಿಲ್ಲುತ್ತದೆಯೋ ಕಾರೋ ಎಂಬ ಪ್ರಶ್ನೆಗಳನ್ನು ಸೇರಿಸಿದ ಮೇಲೆ ಮಾಲೀಕರು ತುಂಬಿದ ಪುಟಗಳು ಒಂದಕ್ಕಿಂತ ಒಂದು ಬೇರೆಯಾದವು. ಮನೆಯನ್ನೇ ನೋಡದ ದಲ್ಲಾಳಿಗೆ ಇವಕ್ಕೆ ಉತ್ತರ ತಿಳಿದಿರುವುದಿಲ್ಲ. ಒಂದೇ ಮನೆಗೆ ನಾಲ್ಕು ಜಾಹೀರಾತುಗಳಿದ್ದರೆ ಮಾಲೀಕರದನ್ನು ಉಳಿಸಿಕೊಂಡು ಉಳಿದವನ್ನು ಅದರ ಕೆಳಗೆ ಸೇರಿಸುತ್ತೇವೆ. ದಲಾಲಿ ಕೊಡಲಾಗದೆ ಸ್ವತಃ ಜಾಹೀರಾತು ಹಾಕುವ ನಿವೃತ್ತರು, ವಿಧವೆಯರು, ರೈತರು ಇಂಥ ತಾಣಗಳನ್ನು ನಂಬಿದ್ದಾರೆ. ನಕಲುಗಳ ನಡುವೆ ಮೊದಲು ಮುಳುಗುವುದು ಅವರ ಪುಟವೇ.

ಇಷ್ಟರ ನಡುವೆ, ಜಾಹೀರಾತನ್ನು ನೂರಾರು ತಾಣಗಳಿಗೆ ಒಂದೇ ಸಲ ಕಳಿಸಿ ಶ್ರೇಯಾಂಕ ಹೆಚ್ಚಿಸುವುದಾಗಿ ಹೇಳುವ ಸೇವೆಗಳನ್ನು ಸಣ್ಣ ವ್ಯಾಪಾರಿಗಳು ಹಣ ಕೊಟ್ಟು ಕೊಳ್ಳುತ್ತಿರುವುದು ಕಳವಳದ ಸಂಗತಿ. ನೂರು ಕಡೆ ಹಾಕಿದ ಒಂದೇ ಬರಹದಲ್ಲಿ ಗೂಗಲ್ ಒಂದನ್ನಷ್ಟೇ ತೋರಿಸುತ್ತದೆ, ಅದು ವ್ಯಾಪಾರಿಯ ಸ್ವಂತ ತಾಣವೇ ಆಗಿರುತ್ತದೆಂಬ ಖಾತರಿಯಿಲ್ಲ. ಹಣ ಕೊಡುವ ಮುನ್ನ ಸ್ವಂತ ತಾಣವನ್ನು ಸರ್ಚ್ ಕನ್ಸೋಲ್‌ಗೆ ಸೇರಿಸಿ, ಗೂಗಲ್ ಆರಿಸಿದ ಕ್ಯಾನೊನಿಕಲ್ ಯಾವುದೆಂದು ನೋಡಿಕೊಳ್ಳುವುದಕ್ಕೆ ಒಂದು ಪೈಸೆಯೂ ಬೇಡ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಐದನೆಯದನ್ನು ತಡೆಹಿಡಿದದ್ದು ಸಾವಿರ ಸಾಲಿನ ಮಿತಿಗಾಗಿ ಅಲ್ಲ, ಅದಕ್ಕೆ ದಾರಿಯಿದೆ. ಗೂಗಲ್ ಆರಿಸಿದ ಕ್ಯಾನೊನಿಕಲ್ ಹೊರಗಿನ ತಾಣದ್ದಾಗಿರುವ ಪುಟಗಳನ್ನು ಪ್ರತ್ಯೇಕ ಪಟ್ಟಿಯಾಗಿ ಕೊಡುವ ವ್ಯವಸ್ಥೆ ಇನ್ನೂ ಇಲ್ಲ. ಗೂಗಲ್‌ನ ಬಳಿ ಆ ಮಾಹಿತಿ ಇದ್ದೇ ಇದೆ, ಒಂದೊಂದು ವಿಳಾಸಕ್ಕೆ ಅದನ್ನು ಈಗಲೂ ತೋರಿಸುತ್ತಿದೆ. ಅದೇ ಮಾಹಿತಿಯನ್ನು ಪುಟಗಳ ವರದಿಯಲ್ಲಿ ಒಂದು ಕಾಲಮ್ಮಾಗಿ ಸೇರಿಸಿದರೆ, ಪ್ರೋಗ್ರಾಮರನ್ನು ಇಟ್ಟುಕೊಳ್ಳಲಾಗದ ಜಿಲ್ಲಾ ಕೇಂದ್ರಗಳ ಸಣ್ಣ ತಾಣದವರೂ ತಮ್ಮ ಯಾವ ಜಾಹೀರಾತುಗಳಿಗೆ ಮಾಲೀಕರಿಂದ ಇನ್ನಷ್ಟು ವಿವರ ಕೇಳಿ ಪಡೆಯಬೇಕೆಂಬುದನ್ನು ಅಂದಂದೇ ತಿಳಿದುಕೊಳ್ಳಬಹುದು.